ಬಿಲ್ಲಾಗುವ ಬಿದಿರು

ಗಾಂಡೀವ, ಪಿನಾಕ, ಶಾರ್ಙ್ಗವೆಂದು ಧನುಸ್ಸುಗಳ ಹೆಸರನ್ನು ಕಥೆ ಕೇಳುತ್ತಲೇ ಬಾಯಿಪಾಠ ಮಾಡಿಕೊಂಡ ನಮಗೆ, ಬಿಲ್ಲೆಂಬ ವಸ್ತುವನ್ನು ಕುಳಿತು ಕೆತ್ತಿದವನ ಕೈ ಎಂತಹದಿದ್ದೀತೆಂಬ ಆಲೋಚನೆ ಬರುವುದು ಅಪೂರ್ವ. ದೇವದತ್ತವಾದ ಧನುಸ್ಸಿನ ವರ್ಣನೆ ಕಾವ್ಯಗಳಲ್ಲಿ ಹೇರಳವಾಗಿದೆ. ಮನುಷ್ಯ ಮಾಡಿದ ಬಿಲ್ಲಿನ ಸಾಮಗ್ರಿಯನ್ನು ತಿಳಿಯಬೇಕಾದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರವನ್ನು ಕುರಿತ ಅಧ್ಯಾಯವನ್ನು ತೆರೆಯಬೇಕು. ತಾಳೆ, ಬಿದಿರು, ಮರ, ಕೊಂಬು ಇವುಗಳಿಂದ ಬಿಲ್ಲನ್ನೂ, ಮೂರ್ವೆ, ಎಕ್ಕ, ಸೆಣಬು, ಬಿದಿರು, ಸ್ನಾಯು ಮೊದಲಾದುವುಗಳಿಂದ ಹೆದೆಯನ್ನೂ ಮಾಡುವ ಕ್ರಮವಿದ್ದುದನ್ನು ಅಲ್ಲಿ ಕಾಣುತ್ತೇವೆ. ಹೆದೆಗೆ ಮೌರ್ವಿಯೆಂಬ ಹೆಸರು ಬಂದುದೇ ಆ ಮೂರ್ವೆಯ ನಾರಿನಿಂದ. ಈ ಪಟ್ಟಿಯ ಬಿದಿರೂ ಎಕ್ಕವೂ ಸೆಣಬೂ ನಮ್ಮ ಹಳ್ಳಿಗಳಿಗೆ ಇಂದಿಗೂ ಅಪರಿಚಿತವಲ್ಲ.

ಆದರೆ ಬಿದಿರೆಲ್ಲವೂ ಬಿಲ್ಲಿಗೆ ಒದಗುವುದಿಲ್ಲ. ಎಳೆಯ ಗಳ ಬಾಗಿಸಿದರೆ ಬಾಗಿದಂತೆಯೇ ಉಳಿದುಬಿಡುತ್ತದೆ. ಮೂರು ನಾಲ್ಕು ವರ್ಷ ಬಲಿತ, ಒಳಗೆ ಟೊಳ್ಳು ಕಡಮೆಯಿರುವ ಗಳವನ್ನು ಆರಿಸಬೇಕು. ಹಲವೆಡೆ ಗಂಡುಬಿದಿರೆಂದು ಕರೆಯುವ ಜಾತಿ ಇದಕ್ಕೆ ಉತ್ತಮ. ಹಸಿಬಿದಿರಿನಲ್ಲಿರುವ ಪಿಷ್ಟಕ್ಕೆ ಹುಳು ಬೀಳುವುದರಿಂದ, ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಹಾಕಿ, ಆಮೇಲೆ ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುವುದು ಲೇಸು.

ಗಳವನ್ನು ಉದ್ದಕ್ಕೆ ಸೀಳಿ, ಎಸೆಯುವವನ ಎತ್ತರದಷ್ಟಿರುವ ಒಂದು ಪಟ್ಟಿಯನ್ನು ತೆಗೆದುಕೊಂಡ ಮೇಲೆ, ಕಲಿಯುವವನು ಮೊಟ್ಟಮೊದಲು ಅರಿಯಬೇಕಾದ ಸಂಗತಿಯೊಂದಿದೆ. ಬಿದಿರಿನ ನಾರು ಅದರ ಹೊರಮೈಯಲ್ಲಿ ದಟ್ಟವಾಗಿಯೂ ಒಳಮೈಯಲ್ಲಿ ವಿರಳವಾಗಿಯೂ ಹರಡಿಕೊಂಡಿದೆ. ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಮೈ ಕುಗ್ಗುತ್ತದೆ. ಹಿಗ್ಗುವ ಎಳೆತವನ್ನು ತಡೆಯಬಲ್ಲದ್ದು ಆ ನುಣುಪಾದ ಹೊರಸಿಪ್ಪೆಯೇ. ಆದುದರಿಂದ ಸಿಪ್ಪೆ ಗುರಿಯ ಕಡೆಗಿರಬೇಕು, ಅದಕ್ಕೆ ಕತ್ತಿಯ ಗೀರೂ ತಾಕಬಾರದು, ಕೆತ್ತುವುದೆಲ್ಲ ಒಳಮೈಯಲ್ಲಿಯೇ ನಡೆಯಬೇಕು. ಹುಡುಗನಾಗಿದ್ದಾಗ ನಾನು ಅಂದವಾಗಲೆಂದು ಗೆಣ್ಣುಗಳ ಮೇಲಿನ ಸಿಪ್ಪೆಯನ್ನು ಹೆರೆದು ನುಣ್ಣಗೆ ಮಾಡಿದ ಬಿಲ್ಲು, ಹೆದೆಯನ್ನು ಎರಡನೆಯ ಸಲ ಸೆಳೆದಾಗ ಸರಿಯಾಗಿ ಆ ಗೆಣ್ಣಿನಲ್ಲಿಯೇ ಮುರಿಯಿತು. ಕಾರಣ ತಿಳಿದದ್ದು ಬಹು ವರ್ಷಗಳ ಮೇಲೆ.

ಕೆತ್ತುವುದೆಂದರೆ ತೆಗೆಯುವುದು, ತೆಗೆದುದನ್ನು ಮತ್ತೆ ಸೇರಿಸುವಂತಿಲ್ಲ. ಪಟ್ಟಿಯ ಅಗಲವನ್ನು ಅರ್ಧಕ್ಕಿಳಿಸಿದರೆ ಅದರ ಬಿಗಿ ಅರ್ಧವಾಗುತ್ತದೆ. ದಪ್ಪವನ್ನು ಅರ್ಧಕ್ಕಿಳಿಸಿದರೋ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಹಿಡಿಯನ್ನು ದಪ್ಪನಾಗಿಯೇ ಬಿಟ್ಟು, ತುದಿಗಳ ಕಡೆಗೆ ಕ್ರಮವಾಗಿ ತೆಳುವಾಗಿಸುತ್ತ, ಸಡಿಲವಾದೊಂದು ಹಗ್ಗವನ್ನು ಎರಡೂ ಕೊಪ್ಪುಗಳಿಗೆ ಕಟ್ಟಿ, ಬಿಲ್ಲಿನ ನಡುವನ್ನು ಗೋಡೆಯ ಗೂಟಕ್ಕೆ ತಗುಲಿಸಿ ಹಗ್ಗವನ್ನು ಮೆಲ್ಲನೆ ಕೆಳಗೆಳೆದು, ದೂರದಲ್ಲಿ ನಿಂತು ನೋಡಬೇಕು. ಎಡಬಲದ ತೋಳುಗಳೆರಡೂ ಸಮನಾಗಿ ಬಾಗುತ್ತಿವೆಯೇ? ಬಿಗಿಯಾಗಿ ನಿಂತ ಭಾಗವನ್ನು ಮಾತ್ರ ಇನ್ನಷ್ಟು ಹೆರೆಯಬೇಕು. ಒಂದೇ ಎಡೆಯಲ್ಲಿ ಮಡಿಚಿದಂತೆ ಕಂಡರೆ ಅಲ್ಲಿ ಕತ್ತಿಯಿಡಬಾರದು. ಬಿಲ್ಲುಗಾರನ ವಿದ್ಯೆಯ ಬಹುಭಾಗ ಈ ನೋಟದಲ್ಲಿದೆ. ಇದಕ್ಕೆ ಒಂದು ದಿನವಾದರೂ ಆಗಲಿ, ಒಂದು ವಾರವಾದರೂ ಆಗಲಿ, ಅವಸರ ಸಲ್ಲದು.

1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿಗಳ ಗಡಿಯಲ್ಲಿ, ಆಲ್ಪ್ಸ್ ಪರ್ವತದ ಹಿಮದೊಳಗಿಂದ ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನೊಬ್ಬನ ದೇಹ ದೊರೆಯಿತು. ಅವನ ಬಳಿಯಿದ್ದ ಬಿಲ್ಲು ಯೂ ಮರದ್ದು, 1.8 ಮೀಟರಿನಷ್ಟು ಉದ್ದ. ಅದರ ಕೆತ್ತನೆ ಇನ್ನೂ ಮುಗಿದಿರಲಿಲ್ಲ. ಬತ್ತಳಿಕೆಯ 14 ಬಾಣಗಳಲ್ಲಿ ಸಿದ್ಧವಾಗಿದ್ದುವು ಎರಡೇ. ಅವನ ಎಡಭುಜದಲ್ಲಿ ಇನ್ನೊಬ್ಬನ ಬಾಣದ ಕಲ್ಲಿನ ಮೊನೆ ನಾಟಿಕೊಂಡಿತ್ತು. ಅರೆಕೆತ್ತಿದ ಆ ಬಿಲ್ಲನ್ನು ನೆನೆದಾಗಲೆಲ್ಲ, ಯಾವ ಅರಸನ ಶಸ್ತ್ರಾಗಾರವೂ ತಾರದ ಒಂದು ಆತ್ಮೀಯತೆ ನನ್ನಲ್ಲಿ ಉಂಟಾಗುತ್ತದೆ.

ಹೆದೆಗೆ ಸೆಣಬಿನ ನಾರು ಸಾಕು. ಎರಡು ಎಳೆಗಳನ್ನು ಬೇರೆಬೇರೆಯಾಗಿ ಒಂದು ದಿಕ್ಕಿಗೆ ಹೊಸೆದು, ಅವೆರಡನ್ನೂ ಕೂಡಿಸಿ ಎದುರು ದಿಕ್ಕಿಗೆ ಹುರಿಮಾಡಿದರೆ ಒಂದು ಬಿಚ್ಚಿಕೊಳ್ಳಲೆಳಸುವುದನ್ನು ಇನ್ನೊಂದು ತಡೆಯುತ್ತದೆ. ಮೇಲೆ ಜೇನುಮೇಣವನ್ನು ತಿಕ್ಕಬೇಕು. ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ ನಡುವೆ, ಹೆಬ್ಬೆರಳನ್ನೆತ್ತಿದ ಮುಷ್ಟಿಯಷ್ಟು ಅಂತರವಿದ್ದರೆ ಸರಿ.

ಬಾಣಕ್ಕೆ ಸಂಸ್ಕೃತದಲ್ಲಿ ಶರವೆಂಬ ಹೆಸರುಂಟು, ಜೊಂಡಿನ ಜಾತಿಯ ಒಂದು ಹುಲ್ಲಿಗೂ ಅದೇ ಹೆಸರು. ಬಾಣ ಎಲ್ಲಿಂದ ಬಂದಿತೆಂಬುದನ್ನು ಆ ಪದವೇ ಹೇಳುತ್ತದೆ. ಒಣಗಿದ ಲಾಳದ ಕಡ್ಡಿಯನ್ನು ಕೆಂಡದ ಮೇಲೆ ಹದವಾಗಿ ಕಾಯಿಸಿ, ಡೊಂಕು ತಿದ್ದಿ, ಮುಂತುದಿಯನ್ನು ಭಾರಮಾಡಿ, ಹಿಂತುದಿಗೆ ಒಂದೇ ಪಕ್ಕದ ರೆಕ್ಕೆಯಿಂದ ಉದುರಿದ ಮೂರು ಗರಿಗಳನ್ನು ದಾರದಿಂದ ಕಟ್ಟಬೇಕು. ಬಿಲ್ಲಿನ ಪಕ್ಕದಿಂದ ಹೊರಡುವ ಅಂಬು ಮೀನಿನಂತೆ ಬಳುಕಿ ಮುಂದೆ ಸಾಗುವುದರಿಂದ, ಕಡ್ಡಿ ಬಿಲ್ಲಿನ ಬಲಕ್ಕೆ ಹೊಂದದೆ ತೀರ ಬಿಗಿಯಾದರೂ ತೀರ ಮೆತ್ತಗಾದರೂ ಗುರಿ ತಪ್ಪುತ್ತದೆ.

ಮಕ್ಕಳಿಗೆ ಇದನ್ನು ಮಾಡಿಕೊಡುವವರಲ್ಲಿ ನನ್ನ ಕೋರಿಕೆ ಇಷ್ಟು. ಅಂಬಿಲ್ಲದೆ ಹೆದೆಯನ್ನು ಸೆಳೆದು ಬಿಡಗೊಡಬೇಡಿ, ಬಿಲ್ಲು ಸೀಳಿಹೋದೀತು. ಹುಲ್ಲಿನ ಹೊರೆಯೇ ಗುರಿಯಾಗಿರಲಿ, ಅದರ ಹಿಂದೆ ಯಾರೂ ಇರದಿರಲಿ, ಜೀವಿಗಳ ಮೇಲೆ ಎಸೆಯುವುದು ಎಂದಿಗೂ ಬೇಡ. ಆಟ ಮುಗಿದೊಡನೆ ಹೆದೆಯನ್ನು ಇಳಿಸಿಡಿ. ಏರಿಸಿಯೇ ಇಟ್ಟ ಬಿಲ್ಲು ಬಾಗಿದ ಬಾಗಿನಲ್ಲಿಯೇ ನಿಂತು ಬಲಗುಂದುತ್ತದೆ.