ಹೊಸ ಲ್ಯಾಪ್‌ಟಾಪಾ, ರಿಫರ್ಬಿಶ್ಡಾ? ದುಡ್ಡು ಕೊಡೋ ಮುಂಚೆ ಕೋಟೆ ಜನ ನೋಡಬೇಕಾದ್ದು ಇಷ್ಟು

ಎಚ್.ಡಿ.ಕೋಟೆ: ‘ಐ5 ಲ್ಯಾಪ್‌ಟಾಪ್, ಬರೀ 12 ಸಾವಿರ’ ಅನ್ನೋ ಥರದ ಜಾಹೀರಾತುಗಳು ಮೊಬೈಲ್‌ನಲ್ಲಿ ಕಾಣಿಸಿಕೊಳ್ಳೋದು ಈಗ ಮಾಮೂಲು. ಮಕ್ಕಳನ್ನ ಕಾಲೇಜಿಗೆ ಸೇರಿಸೋ ಮನೆಯವರಿಗೆ, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇಟ್ಟಿರೋರಿಗೆ, ಟ್ಯಾಲಿಯಲ್ಲಿ ಲೆಕ್ಕ ಇಡೋ ವರ್ತಕರಿಗೆ ಪ್ರಶ್ನೆ ಒಂದೇ: 40 ಸಾವಿರ ಕೊಟ್ಟು ಹೊಸದು ತಗೋಬೇಕಾ, ಇಲ್ಲ ಅದರ ಅರ್ಧ ದುಡ್ಡಿಗೆ ಸಿಗೋ ರಿಫರ್ಬಿಶ್ಡ್ ಸಾಕಾ?

ಎರಡರಲ್ಲೂ ಒಳ್ಳೇದು ಸಿಗುತ್ತೆ, ಎರಡರಲ್ಲೂ ಕೈ ಸುಟ್ಟುಕೊಳ್ಳಬಹುದು. ‘ಹೊಸದು’, ‘ಹಳೇದು’ ಅನ್ನೋ ಹೆಸರಿಗಿಂತ ಒಳಗಿರೋ ಪ್ರೊಸೆಸರ್ ಯಾವ ಕಾಲದ್ದು, ಬ್ಯಾಟರಿ ಹೇಗಿದೆ, ಕೈಗೆ ಬಿಲ್ ಸಿಗುತ್ತಾ ಅನ್ನೋದೇ ಮುಖ್ಯ.

ರಿಫರ್ಬಿಶ್ಡ್ ಅಂದ್ರೇನು?

ಯಾರೋ ಬಳಸಿದ್ದನ್ನ ಇದ್ದ ಹಾಗೇ ಮಾರಿದರೆ ಅದು ಸೆಕೆಂಡ್ ಹ್ಯಾಂಡ್. ಬಳಸಿದ್ದನ್ನ ಪರೀಕ್ಷೆ ಮಾಡಿ, ಕೆಟ್ಟ ಭಾಗ ಬದಲಿಸಿ, ಹಳೇ ಡೇಟಾ ಅಳಿಸಿ, ಗ್ಯಾರಂಟಿ ಕೊಟ್ಟು ಮಾರಿದರೆ ರಿಫರ್ಬಿಶ್ಡ್. ಬೆಂಗಳೂರಿನಂಥ ಊರುಗಳ ಕಂಪನಿಗಳು ನೌಕರರಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳನ್ನ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಕ್ಕೆ ಬದಲಿಸ್ತವೆ. ಹಳೇವು ಲಾಟ್ ಲೆಕ್ಕದಲ್ಲಿ ಮಾರಾಟವಾಗಿ ಎಸ್.ಪಿ.ರೋಡ್‌ನಂಥ ಮಾರುಕಟ್ಟೆಗೆ, ಅಲ್ಲಿಂದ ಮೈಸೂರಿಗೆ, ತಾಲ್ಲೂಕುಗಳಿಗೆ ಬರ್ತವೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಈ ಸಾಲಿನವು. ಆಫೀಸ್ ಕೆಲಸಕ್ಕೇ ಅಂತ ಮಾಡಿದ್ದರಿಂದ ಬಾಡಿ, ಕೀಬೋರ್ಡ್ ಗಟ್ಟಿ. ರ‍್ಯಾಮ್, ಎಸ್‌ಎಸ್‌ಡಿ ಬದಲಿಸೋಕೂ ಹೆಚ್ಚಿನ ಮಾಡೆಲ್‌ಗಳಲ್ಲಿ ಆಗುತ್ತೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಇ-ತ್ಯಾಜ್ಯ ನಿಯಮದ ಪ್ರಕಾರ ರಿಫರ್ಬಿಶ್ ಮಾಡೋರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಆದರೆ ಒರೆಸಿ, ಸ್ಟಿಕ್ಕರ್ ಅಂಟಿಸಿ ‘ರಿಫರ್ಬಿಶ್ಡ್’ ಅಂತ ಮಾರೋದು ಸುಲಭ. ಅದಕ್ಕೇ ಏನೇನು ಬದಲಿಸಿದ್ದಾರೆ ಅಂತ ಕೇಳಿ. ಉತ್ತರ ಸಿಗದಿದ್ರೆ ಅದನ್ನ ಸೆಕೆಂಡ್ ಹ್ಯಾಂಡ್ ಅಂತಲೇ ಲೆಕ್ಕ ಹಾಕಿ.

‘ಐ5’ ಅಂದ ಮಾತ್ರಕ್ಕೆ ಸಾಲಲ್ಲ

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಪ್ರತ್ಯೇಕವಾಗಿ ನೋಂದಾಯಿಸಿದ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಅಂತ ಘೋಷಿಸಿತು. ಮುಂದಕ್ಕೆ ಬೇಕಿರೋದು ವಿಂಡೋಸ್ 11. ಅದಕ್ಕೆ ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಇರಬೇಕು. ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ಜನರೇಷನ್ ಅಥವಾ ಅದರ ನಂತರದ ಪ್ರೊಸೆಸರ್ ಬೇಕು.

10-12 ಸಾವಿರಕ್ಕೆ ಸಿಗೋ ಐ5ಗಳಲ್ಲಿ 6, 7ನೇ ಜನರೇಷನ್‌ನವೇ ಜಾಸ್ತಿ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡೋರೂ ಇದ್ದಾರೆ. ಅಂಥದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಬ್ಯಾಂಕ್ ವ್ಯವಹಾರ, ಆಧಾರ್ ಬಯೋಮೆಟ್ರಿಕ್, ಸೇವಾ ಸಿಂಧು ಅರ್ಜಿ ಅಂತ ಬೇರೆಯವರ ದಾಖಲೆ ಇಟ್ಟುಕೊಂಡು ಕೆಲಸ ಮಾಡೋ ಅಂಗಡಿಗಳಿಗೆ ಇದು ದೊಡ್ಡ ಅಪಾಯ.

ಜನರೇಷನ್ ಕಂಡುಹಿಡಿಯೋದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಪ್ರೊಸೆಸರ್ ನಂಬರ್ ಕಾಣುತ್ತೆ. ಐ5-6300ಯು ಅಂದ್ರೆ 6ನೇದು, ಐ5-8250ಯು ಅಂದ್ರೆ 8ನೇದು. ಐ5-10210ಯು ಅಂತಿದ್ರೆ ಮೊದಲ ಎರಡು ಅಂಕಿ ಓದಬೇಕು, ಅದು 10ನೇದು. ಐ5-1135ಜಿ7 ಅಂತಿದ್ರೆ 11ನೇದು. ಹೊರಗಿನ ಸ್ಟಿಕ್ಕರ್ ನಂಬಬೇಡಿ, ಒಳಗೆ ನೋಡಿ.

ಹೊಸದು ಅಂದ್ರೆ ಒಳ್ಳೇದೇ ಅಂತಲ್ಲ

20-25 ಸಾವಿರದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೆಲೆರಾನ್‌ನಂಥ ಸಣ್ಣ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಅಥವಾ 128 ಜಿಬಿ ಸ್ಟೋರೇಜ್ ಇರೋದುಂಟು. ಕೆಲವದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಹೆಚ್ಚಿಸೋಕೆ ಆಗಲ್ಲ. ಬ್ರೌಸರ್‌ನಲ್ಲಿ ನಾಲ್ಕು ಪೇಜ್ ತೆರೆದು, ಪಕ್ಕದಲ್ಲಿ ಟ್ಯಾಲಿ ಓಡಿಸಿದರೆ ತೆವಳೋಕೆ ಶುರು ಮಾಡುತ್ತೆ. ಅದೇ ದುಡ್ಡಿಗೆ 8 ಅಥವಾ 10ನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರೋ ಒಳ್ಳೇ ರಿಫರ್ಬಿಶ್ಡ್ ಸಿಗುವಾಗ ಇಂಥ ಹೊಸದು ನಷ್ಟದ ವ್ಯಾಪಾರ.

‘ಡಾಸ್’ ಅಂತ ಬರೆದಿರೋ ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇರಲ್ಲ, ಅದರ ಖರ್ಚು ಬೇರೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆ ಹೊತ್ತಿಗೆ ಮೆಮೊರಿ ಚಿಪ್‌ಗಳ ರೇಟು ಜಗತ್ತಿನಾದ್ಯಂತ ಏರಿತು. ಹಾಗಾಗಿ 4 ಜಿಬಿಯದು ತಗೊಂಡು ಆಮೇಲೆ ರ‍್ಯಾಮ್ ಹಾಕಿಸೋಣ ಅನ್ನೋ ಲೆಕ್ಕ ಅಗ್ಗ ಬೀಳಲ್ಲ. ಮೊದಲೇ 8 ಜಿಬಿ ಇರೋದನ್ನ ನೋಡೋದು ವಾಸಿ.

ಯಾರಿಗೆ ಯಾವುದು?

ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಸೇವೆ ಅಂಗಡಿ: ನುಡಿ ಟೈಪಿಂಗ್, ಪ್ರಿಂಟ್, ಅರ್ಜಿ, ಬೆರಳಚ್ಚು ಮೆಷಿನ್ ಕೆಲಸಕ್ಕೆ 8ನೇ ಜನರೇಷನ್ ದಾಟಿದ ರಿಫರ್ಬಿಶ್ಡ್ ಸಾಕು. ಉಳಿದ ದುಡ್ಡಲ್ಲಿ ಯುಪಿಎಸ್ ಅಥವಾ ಪ್ರಿಂಟರ್ ಬರುತ್ತೆ.

ಬಿಎ, ಬಿಕಾಂ ವಿದ್ಯಾರ್ಥಿಗಳು: ಇವರಿಗೂ ರಿಫರ್ಬಿಶ್ಡ್ ನಡೆಯುತ್ತೆ. ಸಾಲ ಮಾಡಿ, ಇಎಂಐ ಹಾಕಿಸಿ ಹೊಸದು ತರೋ ಅಗತ್ಯ ಇಲ್ಲ.

ಎಂಜಿನಿಯರಿಂಗ್, ಬಿಸಿಎ, ವಿಡಿಯೋ ಎಡಿಟಿಂಗ್: ನಾಲ್ಕೈದು ವರ್ಷ ಬಾಳಬೇಕು, ಭಾರೀ ಸಾಫ್ಟ್‌ವೇರ್ ಓಡಬೇಕು. ಹೊಸದೇ ತಗೊಳ್ಳಿ, 16 ಜಿಬಿ ರ‍್ಯಾಮ್‌ಗೆ ಏರಿಸೋ ಅವಕಾಶ ಇರಲಿ.

ಅಂತರಸಂತೆ, ಸರಗೂರು ಕಡೆಯ ಹಳ್ಳಿಯವರು: ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ರಿಪೇರಿಗೆ ಮೈಸೂರು ದೂರ. ಹೊಸದಾದರೆ ಮನೆಗೇ ಬಂದು ರಿಪೇರಿ ಮಾಡೋ ಆನ್‌ಸೈಟ್ ವಾರಂಟಿ ನಿಮ್ಮೂರಿನ ಪಿನ್‌ಕೋಡ್‌ಗೆ ಇದೆಯಾ ಕೇಳಿ. ಹಳೇದಾದರೆ ಬ್ಯಾಟರಿ ಬದಲಿಸೋ ಖರ್ಚನ್ನ ಮೊದಲೇ ಲೆಕ್ಕಕ್ಕೆ ಸೇರಿಸಿ.

ಅಂಗಡಿಯಲ್ಲೇ 20 ನಿಮಿಷ ಕೂತು ನೋಡಿ

1. ಬ್ಯಾಟರಿ: ವಿಂಡೋಸ್‌ನಲ್ಲೇ ‘ಬ್ಯಾಟರಿ ರಿಪೋರ್ಟ್’ ಬರುತ್ತೆ, ತೆಗೆದು ತೋರಿಸಿ ಅನ್ನಿ. ಡಿಸೈನ್ ಕೆಪಾಸಿಟಿ 50 ಸಾವಿರ ಇದ್ದು ಫುಲ್ ಚಾರ್ಜ್ ಕೆಪಾಸಿಟಿ 25 ಸಾವಿರ ಇದ್ರೆ ಬ್ಯಾಟರಿಯ ಅರ್ಧ ಆಯಸ್ಸು ಮುಗಿದಿದೆ. ಚಾರ್ಜರ್ ಕಿತ್ತು ಹತ್ತು ನಿಮಿಷ ಓಡಿಸಿ.

2. ಕಂಪನಿ ಲಾಕ್: ಆನ್ ಮಾಡುವಾಗ ಬಯೋಸ್ ಪಾಸ್‌ವರ್ಡ್ ಕೇಳಿದ್ರೆ, ಅಥವಾ ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್ ಕೊಟ್ಟಾಗ ಯಾವುದೋ ಕಂಪನಿ ಹೆಸರು, ಲಾಗಿನ್ ಬಂದ್ರೆ ಬಿಟ್ಟುಬಿಡಿ.

3. ಲೈಸೆನ್ಸ್: ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್‌ನಲ್ಲಿ ‘ಡಿಜಿಟಲ್ ಲೈಸೆನ್ಸ್’ ಅಂತ ಇರಲಿ. ಕ್ರ್ಯಾಕ್ ಹಾಕಿದ ವಿಂಡೋಸ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕೋದು ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ.

4. ಎಲ್ಲಾ ಕೀ, ಯುಎಸ್‌ಬಿ, ವೈಫೈ, ಕ್ಯಾಮೆರಾ, ಸ್ಪೀಕರ್ ಪರೀಕ್ಷಿಸಿ. ಪೂರ್ತಿ ಬಿಳಿ ಪರದೆ ಹಾಕಿ ಗೆರೆ, ಕಪ್ಪು ಚುಕ್ಕೆ ಇದೆಯಾ ನೋಡಿ. ಕೀಲು ಸಡಿಲ ಇದೆಯಾ ಗಮನಿಸಿ.

5. ಸೀರಿಯಲ್ ನಂಬರ್: ಲ್ಯಾಪ್‌ಟಾಪ್ ತಳದಲ್ಲಿರೋ ನಂಬರ್ ಬಿಲ್‌ನಲ್ಲೂ ಇರಬೇಕು. ಹೆಚ್ಚಿನ ಬ್ರಾಂಡ್‌ಗಳ ವೆಬ್‌ಸೈಟ್‌ನಲ್ಲಿ ಅದನ್ನ ಹಾಕಿದ್ರೆ ಮೂಲ ವಾರಂಟಿ ಯಾವಾಗ ಮುಗಿದಿದೆ ಅಂತ ಗೊತ್ತಾಗುತ್ತೆ.

ಬಿಲ್ ಇಲ್ಲದೆ ಬೇಡ

ರೆಗ್ಯುಲರ್ ಜಿಎಸ್‌ಟಿ ಇರೋ ವರ್ತಕರು ವ್ಯಾಪಾರಕ್ಕಾಗಿ ಹೊಸದು ತಗೊಂಡ್ರೆ 18% ತೆರಿಗೆಯನ್ನ ಇನ್‌ಪುಟ್ ಕ್ರೆಡಿಟ್ ಆಗಿ ಪಡೀಬಹುದು. ತೆರಿಗೆ ಸೇರಿ 40 ಸಾವಿರದ ಲ್ಯಾಪ್‌ಟಾಪ್‌ನಲ್ಲಿ ಸುಮಾರು 6,100 ರೂಪಾಯಿ ಹೀಗೆ ಉಳಿಯುತ್ತೆ. ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿರಬೇಕು. ಕಾಂಪೊಸಿಷನ್‌ನಲ್ಲಿ ಇರೋರಿಗೆ ಇದು ಸಿಗಲ್ಲ. ಹಳೇ ಸಾಮಾನು ಮಾರೋರು ತಮ್ಮ ಲಾಭದ ಮೇಲೆ ಮಾತ್ರ ಜಿಎಸ್‌ಟಿ ಕಟ್ಟೋ ಪದ್ಧತಿಯೂ ಇದೆ. ಆಗ ತೆರಿಗೆ ಬೇರೆಯಾಗಿ ತೋರಿಸಲ್ಲ, ಕ್ರೆಡಿಟ್ಟೂ ಇಲ್ಲ. ರೇಟು ಹೋಲಿಸುವಾಗ ಇದನ್ನೂ ನೋಡಿ.

ಬಿಲ್ ಇಲ್ಲದ ಮಾಲು ಕದ್ದದ್ದೂ ಆಗಿರಬಹುದು. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ.

‘ಮೂರು ತಿಂಗಳು ಗ್ಯಾರಂಟಿ, ಏನಾದ್ರೂ ಆದ್ರೆ ತಗೊಂಡು ಬನ್ನಿ’ ಅನ್ನೋದು ಬಾಯಿ ಮಾತಾಗಬಾರದು. ಎಷ್ಟು ದಿನ, ಬ್ಯಾಟರಿ ಮತ್ತು ಡಿಸ್‌ಪ್ಲೇಗೆ ಅನ್ವಯಿಸುತ್ತಾ, ವಾಪಸ್ ತಗೋತಾರಾ ಅನ್ನೋದನ್ನ ಬಿಲ್ ಮೇಲೆ ಬರೆಸಿ, ಸೀಲ್ ಹಾಕಿಸಿ. ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಬಗೆಹರಿಯದಿದ್ರೆ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸೋಕೆ ಅಂತ ತಗೊಂಡ ಸಣ್ಣ ಅಂಗಡಿಯವರೂ ಕಾಯ್ದೆಯಲ್ಲಿ ಗ್ರಾಹಕರೇ.

ಒಟ್ಟಿನಲ್ಲಿ 8ನೇ ಜನರೇಷನ್ ದಾಟಿರಬೇಕು, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಬೇಕು, ಬ್ಯಾಟರಿ ಪರೀಕ್ಷೆ ಆಗಿರಬೇಕು, ಸೀರಿಯಲ್ ನಂಬರ್ ಇರೋ ಬಿಲ್ ಕೈಲಿರಬೇಕು. ಇಷ್ಟಿದ್ರೆ ದಿನನಿತ್ಯದ ಕೆಲಸಕ್ಕೆ ರಿಫರ್ಬಿಶ್ಡ್ ಧೈರ್ಯವಾಗಿ ತಗೋಬಹುದು. ಇದರಲ್ಲಿ ಒಂದು ತಪ್ಪಿದ್ರೂ ರೇಟು ಎಷ್ಟೇ ಕಮ್ಮಿ ಇರಲಿ, ಮುಂದಿನ ಅಂಗಡಿ ನೋಡಿ.