ಕೆಂಪು ಕಲ್ಲೆಲ್ಲ ಜಾಸ್ಪರ್ ಅಲ್ಲ

ತಿಕೋಟಾ ಬಳಿಯ ಕಳ್ಳಕವಟಗಿ ಸೀಮೆಯ ಎರೆಮಣ್ಣಿನ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದ ಬಸಾಲ್ಟ್ ಶಿಲೆ. ಇಂಥ ಶಿಲೆಯ ಗುಳ್ಳೆ, ಬಿರುಕುಗಳಲ್ಲಿ ಸಿಲಿಕಾ ತುಂಬಿ ಗಟ್ಟಿಯಾದಾಗ ಅಗೇಟ್, ಜಾಸ್ಪರ್ ಹುಟ್ಟುತ್ತವೆ. ಜಾಸ್ಪರಿನ ಕೆಂಪು ಬಣ್ಣಕ್ಕೆ ಕಾರಣ ಅದರಲ್ಲಿ ಬೆರೆತ ಕಬ್ಬಿಣದ ಆಕ್ಸೈಡ್. ಒಡೆದರೆ ಗಾಜಿನಂತೆ ಹರಿತವಾದ ಅಂಚು. ಲೋಹವನ್ನೇ ಅರಿಯದ ಮಾನವನಿಗೆ ಅದೇ ಚಾಕು. ಎಲ್ಲೆಡೆಯೂ ಇದೇ ಕಲ್ಲು ಎಂದಲ್ಲ. ಯಾದಗಿರಿ ಜಿಲ್ಲೆಯ ಇಸಾಂಪುರದ ಆದಿಮಾನವ ಹತ್ತಿರ ಸಿಕ್ಕ ಸುಣ್ಣಕಲ್ಲನ್ನೇ ಕೆತ್ತಿದ.

ಬಣ್ಣ ನಂಬಿದರೆ ಮೋಸ. ಲಾವಾ ಪದರುಗಳ ನಡುವೆ ಸಿಗುವ, ಬೆಂದ ಮಣ್ಣಿನಂಥ ಪದರವೂ ಕೆಂಪೇ. ಆದರೆ ಚಾಕುವಿನಿಂದ ಕೆರೆದರೆ ಪುಡಿಯಾಗುತ್ತದೆ. ಜಾಸ್ಪರಿನ ಕಾಠಿಣ್ಯ 6.5ರಿಂದ 7, ಗಾಜನ್ನೇ ಗೀರುತ್ತದೆ. ತೆಳು ಅಂಚನ್ನು ಬಿಸಿಲಿಗೆ ಹಿಡಿದಾಗ ಬೆಳಕು ತೂರಿದರೆ ಅಗೇಟ್ ಜಾತಿ. ತೂರದಿದ್ದರೆ ಜಾಸ್ಪರ್ ಇರಬಹುದು.

ಗೀರುವ ಪರೀಕ್ಷೆ ಸಾದಾ ಕಲ್ಲಿಗೆ ಮಾತ್ರ! ಆಯುಧದ ಅಂಚಿನಲ್ಲಿ ಬಳಸಿ ಸವೆದ ಗುರುತುಗಳಿರುತ್ತವೆ, ಕೆರೆದರೆ ಅವು ಹೋದವು. ಪೆಟ್ಟು ಬಿದ್ದಲ್ಲಿ ಸಣ್ಣ ಉಬ್ಬು, ಅಲೆಯಂಥ ಗೆರೆ, ಸಾಲಾಗಿ ಚಕ್ಕೆ ಎದ್ದ ಕಲೆ ಒಟ್ಟಿಗೆ ಕಂಡರೆ ಅದು ಕೈಕೆಲಸವಿರಬಹುದು. ಒಂದೇ ಚಕ್ಕೆ ನೇಗಿಲು ತಾಗಿಯೂ ಏಳುತ್ತದೆ. ಮಕ್ಕಳು ಅದನ್ನು ಜೇಬಿಗಿಳಿಸದೆ, ಬಿದ್ದಲ್ಲೇ ಫೋಟೊ ತೆಗೆದು, ಹೊಲದ ಗುರುತು ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಬೇಕು.