ಉಮ್ಮನನ್ನು ಗಲ್ಫಿಗೆ ಕರೆಸಿಕೊಳ್ಳುವ ಮುನ್ನ

ಮಗ ಗಲ್ಫಿನಲ್ಲಿ, ಮಗಳು ಗಂಡನ ಮನೆಯಲ್ಲಿ, ಉಮ್ಮ ಊರಲ್ಲಿ ಒಬ್ಬರೇ. ಇದು ಉಳ್ಳಾಲ, ಬಂಟ್ವಾಳದ ಕಥೆ ಮಾತ್ರ ಅಲ್ಲ. ನಾವು ಮಕ್ಕಳಿಗೆ ಓದಿಸುವ ಯಾದಗಿರಿ ಜಿಲ್ಲೆಯ ಹುಣಸಗಿಯಲ್ಲೂ ಅಂಥ ಮನೆಗಳಿವೆ. ಮಗ್ರಿಬ್ ಆದ ಮೇಲೆ ಒಬ್ಬರಲ್ಲ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬಂದು, "ಹಜ್ರತ್, ಇದೊಂಚೂರು ನೋಡ್ರಿ" ಅನ್ನುತ್ತಾರೆ.

ಇಲ್ಲಿನ ಹಿರಿಯರ ಕಾಗದ ಅಂದರೆ ಇತಿಹಾಸದ ಪುಸ್ತಕವೇ. ಈಗ 80 ದಾಟಿದವರು ಹುಟ್ಟಿದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ಕಚೇರಿ ಭಾಷೆ ಉರ್ದು. 1956ರಲ್ಲಿ ಗುಲ್ಬರ್ಗ ಜಿಲ್ಲೆಯ ಜೊತೆಗೇ ಮೈಸೂರು ರಾಜ್ಯಕ್ಕೆ ಸೇರಿದರು. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು, 2014ರಲ್ಲಿ ಗುಲ್ಬರ್ಗವೇ ಕಲಬುರಗಿಯಾಯಿತು, ಸುರಪುರ ತಾಲೂಕಿನಿಂದ ಬೇರೆಯಾಗಿ ಹುಣಸಗಿಯೂ ತಾಲೂಕಾಯಿತು. ಮುದುಕಿ ಮನೆ ಬಿಟ್ಟು ಕದಲಿಲ್ಲ, ವಿಳಾಸ ಮಾತ್ರ ಮೂರು. ಹುಟ್ಟಿದ ದಿನ ಕೇಳಿದರೆ ಆಧಾರಿನಲ್ಲಿ ಜನವರಿ 1. ಜಮಾಅತಿನ ಅರ್ಧ ಹಿರಿಯರು ಅದೇ ದಿನ ಹುಟ್ಟಿದವರು!

ಪಾಸ್‌ಪೋರ್ಟಿಗೆ ಜನನ ಪತ್ರವೇ ಬೇಕು ಅಂತ ಹೆದರಿಸಿ ದುಡ್ಡು ಕೀಳುವವರಿದ್ದಾರೆ. ಆ ಕಡ್ಡಾಯ 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದವರಿಗೆ. ನಮ್ಮ ಹಿರಿಯರಿಗೆ ಬೇರೆ ದಾಖಲೆಯೂ ನಡೆಯುತ್ತದೆ.

ನಿಜವಾದ ತೊಡಕು ಹೆಸರಿನದು. ಮಗನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ಬೀಫಾತಿಮ, ಉಮ್ಮನ ಆಧಾರಿನಲ್ಲಿ ಫಾತಿಮಾ ಬಿ, ರೇಷನ್ ಕಾರ್ಡಿನಲ್ಲಿ ಬರೀ ಪಾತುಮ್ಮ. ಮನೆಯವರಿಗೆ ಮೂರೂ ಒಬ್ಬರೇ, ವೀಸಾ ಕಚೇರಿಗೆ ಮೂವರು ಹೆಂಗಸರು. ಉಮ್ಮನ ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಮಗನ ಪಾಸ್‌ಪೋರ್ಟ್ ತೆರೆದು ನೋಡಿ, ಒಂದೊಂದು ಅಕ್ಷರ ಹೊಂದಿಸಿಕೊಳ್ಳಿ. ಒಂಟಿ ಹೆಸರೂ ಕಷ್ಟವೇ. 2022ರ ನವೆಂಬರ್‌ನಿಂದ ಯುಎಇ ವಿಸಿಟ್ ವೀಸಾಕ್ಕೆ ಒಂದೇ ಹೆಸರಿನ ಪಾಸ್‌ಪೋರ್ಟ್ ಸಾಲುತ್ತಿಲ್ಲ. ನಮ್ಮ ಉಮ್ಮಂದಿರಲ್ಲಿ ಬರೀ ನಫೀಸಾ, ಬರೀ ಆಯಿಶಾ ಎಷ್ಟು ಮಂದಿ!

ಯುಎಇಯಲ್ಲಿ ಹೆತ್ತವರ ರೆಸಿಡೆನ್ಸಿ ಸಾಮಾನ್ಯವಾಗಿ ಒಂದು ವರ್ಷದ್ದು, ವರ್ಷ ವರ್ಷ ನವೀಕರಿಸಬೇಕು. ಮಗನಿಗೆ ಸಂಬಳದ ಮಿತಿ ಇದೆ, ಹೆತ್ತವರಿಗೆ ಆರೋಗ್ಯ ವಿಮೆ ಬೇಕು, ಅವರು ತನ್ನ ಆಸರೆಯಲ್ಲೇ ಇದ್ದಾರೆಂಬ ಪತ್ರವೂ ಬೇಕು. ಒಬ್ಬರನ್ನೇ ಕರೆಸುವುದಾದರೆ ಕಾರಣ ಕೇಳುತ್ತಾರೆ. ಉಪ್ಪ ತೀರಿಹೋಗಿದ್ದರೆ ಅವರ ಮರಣ ಪತ್ರಕ್ಕೆ ದೃಢೀಕರಣ ಮಾಡಿಸಿಡಿ. ಸೌದಿ 2022ರ ಡಿಸೆಂಬರಿನಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಬಂದಿದೆ. ಯುಎಇಗೆ ಮಾತ್ರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಅಲ್ಲಿ ಇಳಿದ ಮೇಲೆ ಎದೆಯ ಎಕ್ಸ್‌ರೇ ಇರುತ್ತದೆ, ಹಿಂದೆ ಟಿಬಿ ಆಗಿದ್ದರೆ ಮಗನಿಗೆ ಮುಚ್ಚಿಡಬೇಡಿ. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗೆ ಅಲ್ಲಿ ಅನುಮತಿ ಬೇಕು. ಕಾಲುನೋವಿನ ಉಮ್ಮಂದಿರ ಚೀಲದಲ್ಲಿ ಏನಿದೆ ನೋಡಿ.

ಸೌದಿಗೆ ಹೆತ್ತವರು ಹೆಚ್ಚಾಗಿ ಹೋಗುವುದು ಫ್ಯಾಮಿಲಿ ವಿಸಿಟ್ ವೀಸಾದಲ್ಲಿ. ಅದರಲ್ಲಿ ಉಮ್ರಾ ಮಾಡಬಹುದು, ಹಜ್ ಮಾಡುವಂತಿಲ್ಲ. "ಹೇಗೂ ಅಲ್ಲೇ ಇದ್ದೇವಲ್ಲ" ಅನ್ನುವ ಆಸೆ ಸಹಜ. ಆದರೆ 2025ರಲ್ಲಿ ಪರ್ಮಿಟ್ ಇಲ್ಲದೆ ಹಜ್‌ಗೆ ಹೊರಟವರಿಗೆ ಸಾರಿದ ದಂಡ 20,000 ರಿಯಾಲ್. ಹಿಂದಿನ ವರ್ಷ ಸುಡುಬಿಸಿಲಿಗೆ ಮಕ್ಕಾದಲ್ಲಿ ತೀರಿಹೋದವರಲ್ಲಿ ಹೆಚ್ಚಿನವರು ಪರ್ಮಿಟ್ ಇಲ್ಲದವರೇ, ಅವರಿಗೆ ನೆರಳೂ ಇರಲಿಲ್ಲ, ಬಸ್ಸೂ ಇರಲಿಲ್ಲ.

ಬೆರಳಚ್ಚಿನದು ಇನ್ನೊಂದು. ಅಲ್ಲಿ ಬೀಡಿ ಸುತ್ತಿ, ಇಲ್ಲಿ ಹತ್ತಿ ಬಿಡಿಸಿ ಸವೆದ ಬೆರಳು ಯಂತ್ರಕ್ಕೆ ಹಿಡಿಯುವುದಿಲ್ಲ. ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿ ಬಯೋಮೆಟ್ರಿಕ್ ಹೊಸದು ಮಾಡಿಸಿ.

ಇಷ್ಟೆಲ್ಲಾ ಕಾಗದದ ನಡುವೆ ಉಮ್ಮನನ್ನು ಕೇಳಿದವರು ಯಾರು? ಹೆತ್ತವರ ಸೇವೆ ಫರ್ಳ್ ಅಂತ ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಅವರ ಮನಸ್ಸು ತಿಳಿಯುವುದೂ ಸೇವೆಯೇ. ಹುಣಸಗಿಯ ಒಬ್ಬ ತಾಯಿ, ಫಾರ್ಮಿಗೆ ಸಹಿ ಹಾಕುವ ಮೊದಲು ಕೇಳಿದ್ದು ಒಂದೇ: "ಅಲ್ಲಿ ನಾ ಸತ್ರ ಎಲ್ಲಿ ಮಣ್ಣು ಮಾಡ್ತಾರ?" ಮಗ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ಮೊದಲು ಮೂರು ತಿಂಗಳು ಬಂದು ನೋಡಿ ಹೋಗಮ್ಮಾ ಅಂದ. ಅವರ ವಿಸಿಟ್ ವೀಸಾದ ಅರ್ಜಿ ಈಗ ಹಾಕಿದ್ದಾರೆ. ಮನೆಯ ಬೀಗದಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಾರಂತೆ.